ಬೆಡಗಿ ಪಾತ್ರ ನನ್ನದೇ!

ಫ್ಲಾರಿಡಾದ ಆ ಕಡಲತೀರದ ಊರಿನಲ್ಲಿ ಸಂಜೆ ಏಳಕ್ಕೆ ವರ್ನಾಗೆ ಫೋನ್ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಏಳಕ್ಕೆ ಧಾರಾವಾಹಿ! ಒಂದೇ ಮನೆಯಲ್ಲಿ ಕೂಡಿ ಬಾಳುವ ಮೂವರು ವಯಸ್ಸಾದ ಗೆಳತಿಯರ ಕಥೆ. ಒಬ್ಬಳು ಬೆಡಗಿ, ಒಬ್ಬಳು ಬಾಯಿಬಡುಕಿ, ಒಬ್ಬಳು ಪೆದ್ದಿ. ವರ್ನಾಳ ಯೌವನದಲ್ಲಿ ಶುರುವಾದದ್ದನ್ನೇ ಇಂದಿಗೂ ಮತ್ತೆ ಮತ್ತೆ ಹಾಕುತ್ತಿದ್ದರು. ವರ್ನಾ ಪ್ರತಿಸಲವೂ ಹೊಸದಾಗಿ ನೋಡಿದವಳಂತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. (ಗಂಡ ಬದುಕಿದ್ದಾಗ ಜೋಕಿಗೆ ಮುಂಚೆಯೇ ನಕ್ಕು ಅವನ ಪ್ರಾಣ ತಿನ್ನುತ್ತಿದ್ದಳು. ಪಾಪ, ಅವನು ಹೋದದ್ದು ಅದರಿಂದಲ್ಲ.)

ಅವನು ಹೋದ ಮೇಲೆ ಮನೆ ಬಿಕೋ ಎನ್ನತೊಡಗಿತು. ಆಗಲೇ ಅವಳಿಗೆ ಜ್ಞಾನೋದಯವಾದದ್ದು: ಬರೀ ನೋಡುವುದೇಕೆ, ಹಾಗೇ ಬಾಳಿಬಿಡೋಣ! ಚರ್ಚಿನಲ್ಲಿ ಹಾಡುವ ಮಾರ್ಜ್, ನಿವೃತ್ತ ಲೆಕ್ಕದ ಟೀಚರ್ ಜೀನೆಟ್, ಇಬ್ಬರೂ ಒಂಟಿ ಜೀವಗಳು. ವರ್ನಾ ಕರೆದದ್ದೇ ತಡ, ಗಂಟುಮೂಟೆ ಸಮೇತ ಬಂದೇಬಿಟ್ಟರು. ಧಾರಾವಾಹಿಯಲ್ಲಿದ್ದಂಥದ್ದೇ ಹೂವಿನ ದಿಂಬಿನ ಬೆತ್ತದ ಸೋಫಾ ಕೂಡ ಬಂತು.

"ಬೆಡಗಿ ನಾನೇ ಕಣ್ರೇ!" ರೇಷ್ಮೆ ಗೌನು ತೊಟ್ಟು ವರ್ನಾ ಘೋಷಿಸಿದಳು.

"ನಿಂದೇ ಮನೆ, ನಿಂದೇ ಮಾತು," ಅಂದಳು ಜೀನೆಟ್.

ಮೊದಲ ಊಟಕ್ಕೇ ವರ್ನಾ ರಂಗಪ್ರವೇಶ ಮಾಡಿದಳು. "ಮಾರ್ಜ್, ನಿನ್ನ ನಿಂಬೆ ಪೈ ತಿಂದು ನನ್ನ ಹಲ್ಲೇ ಕಿತ್ಕೊಂಡು ಬಂತು. ಪುಣ್ಯಕ್ಕೆ ಕಟ್ಟಿಸಿದ ಹಲ್ಲು!"

ಹೇಳಿ, ಗೌನಿನ ಅಂಚು ಎತ್ತಿ ಹಿಡಿದು, ನಗುವಿಗಾಗಿ ಕಾದಳು. ಫ್ರಿಜ್ ಗುಂಯ್ ಎಂದಿತು, ಅಷ್ಟೇ. ಮಾರ್ಜಳ ಕಣ್ಣು ತುಂಬಿಕೊಂಡಿತು.

ದಿನಾ ಇದೇ ಆಯಿತು. ಟೀವಿಯಲ್ಲಾದರೆ ಪ್ರತಿ ಕುಟುಕಿನ ಬೆನ್ನಿಗೂ ಗೊಳ್ಳೆಂದು ನಗು ಬಂದು ನೋವನ್ನು ಕೊಚ್ಚಿಕೊಂಡು ಹೋಗುತ್ತದೆ. ಇಲ್ಲಿ ಕುಟುಕಿದ್ದೆಲ್ಲ ಕುಟುಕಿದಲ್ಲೇ ಕೂತಿತು. ಕೊನೆಗೊಂದು ಸಂಜೆ ಮಾರ್ಜ್ ಪೆಟ್ಟಿಗೆ ಹಿಡಿದು ಬಂದು ನಿಂತಳು.

"ನಾನು ತಂಗಿ ಮನೆಗೆ ಹೋಗ್ತೀನಿ."

"ತಡಿಯೇ, ನಾನೂ ಬಂದೆ," ಅಂದಳು ಜೀನೆಟ್.

ವರ್ನಾ ಸೋಫಾದ ಕಡೆ ನೋಡಿದಳು. ಇವರಿಬ್ಬರೂ ಹೋದರೆ ಉಳಿಯುವುದು ತಾನು ಮತ್ತು ಆ ಸೋಫಾ. ಹೋಗಬೇಡಿ ಎಂದು ಬೇಡಿಕೊಳ್ಳಬೇಕೆನಿಸಿತು. ಬಾಯಿಂದ ಬಂದದ್ದೇ ಬೇರೆ.

"ಹೋಗು! ನನ್ನ ಟವೆಲ್ ಪೆಟ್ಟಿಗೇಲಿದ್ರೆ ತೆಗೆದಿಟ್ಟು ಹೋಗು!"

"ಆ ಟವೆಲ್ ಯಾರಿಗೆ ಬೇಕು?" ಮಾರ್ಜ್ ಮೊದಲ ಬಾರಿಗೆ ಸಿಡಿದಳು. "ನಿನ್ನ ಗೌನಿಗಿಂತ ಜಾಸ್ತಿ ತೂತಿವೆ ಅದರಲ್ಲಿ!"

"ಎರಡೂ ಸೇರಿಸಿ ಹೊಲಿದ್ರೆ ಒಂದು ಸೊಳ್ಳೆಪರದೆ ಆಗುತ್ತೆ ಬಿಡ್ರೇ," ಎಂದಳು ಜೀನೆಟ್.

ಗೊಳ್ಳೆಂದು ನಗು!

ಮೂವರೂ ಟೀವಿ ಕಡೆ ತಿರುಗಿದರು. ಟೀವಿ ಆರಿತ್ತು. ಜಾಲರಿ ಬಾಗಿಲು ತೆರೆದು ನೋಡಿದರೆ, ದಾಸವಾಳದ ಬೇಲಿಯಾಚೆ ಅರ್ಧ ಬೀದಿಯೇ ಮಡಚು ಕುರ್ಚಿ ಹಾಕಿಕೊಂಡು ಕೂತಿದೆ. ಎದುರುಮನೆಯ ಹರ್ಬ್ ಕೈಯಲ್ಲಿ ಪಾಪ್‌ಕಾರ್ನ್ ಬಟ್ಟಲು ಬೇರೆ.

"ನಿಲ್ಲಿಸ್ಬೇಡಿ ವರ್ನಾ!" ಹರ್ಬ್ ಅಂಗಲಾಚಿದ. "ದಿನಾ ಬರ್ತೀವಿ. ಇಷ್ಟು ದಿನ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಿದ್ವಿ, ಇವತ್ತು ತಡಿಯೋಕಾಗ್ಲಿಲ್ಲ."

ವರ್ನಾ ಉಬ್ಬಿಹೋದಳು. ಕೈ ತಾನಾಗಿ ಗೌನಿನ ಅಂಚಿಗೆ ಹೋಯಿತು. "ಹಾಗಾದ್ರೆ ಬೆಡಗಿ ಯಾರು ಅಂತ ಗೊತ್ತಾಗಿರ್ಬೇಕಲ್ಲ?"

"ಗೊತ್ತಾಗದೇ ಏನು? ಮಾರ್ಜ್! ಆ ದನಿ ಒಂದೇ ಸಾಕು."

"ಮಾರ್ಜಾ?" ವರ್ನಾ ಬೆರಳು ಮಡಚಿದಳು. "ಬಾಯಿಬಡುಕಿ ಜೀನೆಟ್... ಮತ್ತೆ ನಾನು?"

ಹರ್ಬ್ ಪಾಪ್‌ಕಾರ್ನಿನಲ್ಲಿ ಏನೋ ಹುಡುಕತೊಡಗಿದ.

"ಪೆದ್ದಿ!" ಎಂದು ಕಿರುಚಿದ ಮಾರ್ಜಳ ಕೈಯಿಂದ ಪೆಟ್ಟಿಗೆ ಜಾರಿ ದೊಪ್ಪನೆ ಬಿತ್ತು. ಅವಳು ನಕ್ಕಳು, ನಕ್ಕಳು, ಗೋಡೆ ಹಿಡಿದು ನಕ್ಕಳು. ಜೀನೆಟ್ ಸೋಫಾದ ಮೇಲೆ ಉರುಳಿದಳು.

ವರ್ನಾಗೆ ಕೋಪ ನೆತ್ತಿಗೇರಿತು. ಆದರೆ ಪೆಟ್ಟಿಗೆ ನೆಲದ ಮೇಲಿತ್ತು. ಧಾರಾವಾಹಿಯಲ್ಲಿ ಮಾಡುವಂತೆಯೇ ಅವಳು ನಗು ತಗ್ಗುವವರೆಗೂ ಕಾದಳು.

"ಪೆದ್ದಿ ಅಂದ್ರೆ... ಯಾವ ಅರ್ಥದಲ್ಲಿ?"

ನಗುವಿಗೆ ಬೇಲಿಗೆ ಬೇಲಿಯೇ ಅಲುಗಾಡಿತು. (ನಟಿಸಿದ್ದೋ, ನಿಜವಾಗಿಯೂ ಕೇಳಿದ್ದೋ, ಇಂದಿಗೂ ಆ ಬೀದಿಯಲ್ಲಿ ಯಾರಿಗೂ ಖಚಿತವಿಲ್ಲ.) ಮಾರ್ಜ್ ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ, ಕಾಲಿನಿಂದ ಪೆಟ್ಟಿಗೆಯನ್ನು ಮೆಲ್ಲಗೆ ಒಳಕ್ಕೆ ತಳ್ಳಿದಳು.