ನೂರನಲವತ್ತನಾಲ್ಕನೆಯ ತಿಥಿ

ಹೃಷೀಕೇಶ ಭಟ್ಟರ ಆ ದಿನದ ಫಜೀತಿಗೆಲ್ಲ ಮೂಲ ಕಾಶಿಯಾತ್ರೆಯ ಒಂದು ಸೀಟು. ಅಲೆವೂರಿನ ಮಹಿಳಾ ಭಜನಾ ಮಂಡಳಿಯವರು ನವೆಂಬರ್ ಮೂರರಿಂದ ಹದಿನಾಲ್ಕರವರೆಗೆ ಯಾತ್ರೆ ಇಟ್ಟುಕೊಂಡಿದ್ದರು. ನಲವತ್ತು ಸೀಟಿನಲ್ಲಿ ಮೂವತ್ತೊಂಬತ್ತು ತುಂಬಿತ್ತು. ಉಳಿದ ಒಂದನ್ನು ಸಂಜೆ ಆರು ಗಂಟೆಯವರೆಗೆ ಮಾತ್ರ ಇಟ್ಟಿರುತ್ತೇವೆ, ಆಮೇಲೆ ಮಣಿಪಾಲದ ಯಾರಿಗೋ ಹೋಗುತ್ತದೆ ಎಂದು ಮಂಡಳಿಯ ಕಾರ್ಯದರ್ಶಿ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದ್ದರು.

ಭಟ್ಟರ ಹೆಂಡತಿ ಶ್ರೀಮತಿ ಆ ಮಂಡಳಿಯಲ್ಲಿ ಹನ್ನೆರಡು ವರ್ಷದಿಂದ ತಾಳ ಹಾಕುವವಳು. ಗಂಗೆಯನ್ನು ಒಮ್ಮೆ ಕಣ್ಣಿಂದ ನೋಡಬೇಕು ಎಂದು ಮದುವೆಯಾದ ವರ್ಷವೇ ಹೇಳಿದ್ದಳು. ಆದರೆ ಮೊನ್ನೆ ಯಾತ್ರೆಯ ಮಾತು ಬಂದಾಗ ಸಾರಿನ ಸೌಟು ಕೆಳಗಿಡದೆಯೇ, "ಆ ದಿನಗಳಲ್ಲಿ ಆಗುವುದಿಲ್ಲ. ನಾನು ಹೋದರೆ ಇಲ್ಲಿ ನಿಮ್ಮ ಗತಿ ಎಂತ?" ಎಂದುಬಿಟ್ಟಳು.

ಭಟ್ಟರಿಗೆ ಅದು ಸರಿಯಾಗಿ ಎದೆಗೇ ತಾಗಿತು. ಉಡುಪಿ, ಕಾಪು, ಕಾರ್ಕಳ ಸೇರಿ ನೂರನಲವತ್ತಮೂರು ಮನೆಗಳಿಗೆ ಅವರು ಪುರೋಹಿತರು. ಯಾರ ಮನೆಯಲ್ಲಿ ಯಾವಾಗ ಶ್ರಾದ್ಧ, ಯಾವಾಗ ಪೂಜೆ ಎಂಬುದೆಲ್ಲ ಕೆಂಪು ರಟ್ಟಿನ ಒಂದು ಡೈರಿಯಲ್ಲಿತ್ತು. ಹಾಗೆಂದು ಆ ಡೈರಿಯನ್ನು ಅವರು ತೆರೆದು ನೋಡುತ್ತಿದ್ದರೆಂದು ತಿಳಿಯಬೇಡಿ. ಸಂಜೆ ದೀಪ ಹಚ್ಚಿ ಎದ್ದ ಶ್ರೀಮತಿ, "ನಾಳೆ ಕಾರ್ಕಳ, ಹತ್ತೂವರೆಗೆ, ದರ್ಭೆ ಅವರಲ್ಲಿ ಇಲ್ಲವಂತೆ" ಎನ್ನುವಳು. ಭಟ್ಟರು ಮರುದಿನ ಕಾರ್ಕಳದ ಬಸ್ಸು ಹತ್ತುವರು. ಇಪ್ಪತ್ತೇಳು ವರ್ಷ ಅವರ ಪೌರೋಹಿತ್ಯ ನಡೆದದ್ದು ಹೀಗೆ.

ಹೋದ ತಿಂಗಳು ಅವಳು ಅಕ್ಕನ ಮೊಮ್ಮಗನ ಉಪನಯನಕ್ಕೆಂದು ಹೆಬ್ರಿಗೆ ಎರಡು ದಿನ ಹೋದದ್ದೇ ತಡ, ಕಾಪುವಿನ ಯಮುನಕ್ಕನ ಮನೆಯ ಸತ್ಯನಾರಾಯಣ ಪೂಜೆಗೆ ಭಟ್ಟರು ಹೋಗಲೇ ಇಲ್ಲ. ಎಪ್ಪತ್ತೆಂಟರ ಆ ಮುದುಕಿ ಉಪವಾಸ ಕೂತು ಮಧ್ಯಾಹ್ನ ಎರಡರವರೆಗೆ ಗೇಟು ನೋಡುತ್ತಿದ್ದರಂತೆ. ಅದೇ ಹೊತ್ತಿಗೆ ಭಟ್ಟರು ಮನೆಯ ಚಾವಡಿಯಲ್ಲಿ, ಇವತ್ತೇನೂ ಇಲ್ಲ ಎಂಬ ನೆಮ್ಮದಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ನೆನೆದಾಗಲೆಲ್ಲ ಈಗಲೂ ಅವರಿಗೆ ಕಿವಿ ಬಿಸಿಯಾಗುತ್ತದೆ.

ತನ್ನ ಮರೆವಿನಿಂದಾಗಿ ಹೆಂಡತಿಯ ಗಂಗೆ ತಪ್ಪಬಾರದು ಎಂದು ಭಟ್ಟರು ನಿಶ್ಚಯಿಸಿದರು. ಹದಿನೈದು ದಿನದಿಂದ ಅವಳಿಗೆ ತಿಳಿಯದ ಹಾಗೆ, ಮಗಳು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪನ್ನು ಪೂಜೆಯ ಚೀಲದಲ್ಲಿ ಅಡಗಿಸಿಕೊಂಡು, ಬಸ್‌ಸ್ಟಾಪಿನ ಹತ್ತಿರ ಬರ್ತಾಬಾಯಿ ನಡೆಸುವ ಜೆರಾಕ್ಸ್ ಅಂಗಡಿಗೆ ಹೋಗುತ್ತಿದ್ದರು. ಅವರು ಡೈರಿ ಓದಿ ಹೇಳಿದ್ದನ್ನೆಲ್ಲ ಬರ್ತಾಬಾಯಿ ಟೈಪ್ ಮಾಡಿದಳು. ಹೆಸರು, ಇ-ಮೇಲ್ ವಿಳಾಸ, ಹೋದ ವರ್ಷ ಕಾರ್ಯ ನಡೆದ ತಾರೀಕು. ಇನ್ನು ಬೇಕಾದದ್ದು ಇ-ಮೇಲು, ವಿಳಾಸ, ದಿನಚರಿ, ನೆನಪಿನ ಗಂಟೆ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಒಂದು ತಂತ್ರಾಂಶ.

ಅದು ಮುಕ್ತ ತಂತ್ರಾಂಶವೇ ಆಗಬೇಕು ಎಂದವನು ಭಟ್ಟರ ಮಹಡಿಯಲ್ಲಿ ಬಾಡಿಗೆಗಿರುವ ಉಜ್ವಲ್. ಮಣಿಪಾಲದ ಕಂಪನಿಯಲ್ಲಿ ಕೆಲಸ. ಆ ದಿನ ರಜೆ. ಅಂಥದ್ದಕ್ಕೆ ಒಬ್ಬ ಯಜಮಾನ ಇರುವುದಿಲ್ಲ, ಒಳಗೆ ಹೇಗಿದೆ ಎಂದು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಬರೆದದ್ದೆಲ್ಲ ನಮ್ಮ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ ಎಂದು ಅವನು ವಿವರಿಸಿದ. ಭಟ್ಟರಿಗೆ ಒಪ್ಪಿಗೆಯಾಯಿತು. ಮಂತ್ರಕ್ಕೂ ಯಜಮಾನನಿಲ್ಲ, ಕಲಿತವರೆಲ್ಲ ಹೇಳಬಹುದು. ಅಲ್ಲದೆ ನೂರನಲವತ್ತಮೂರು ಮನೆಯ ಗೋತ್ರ, ತೀರಿಹೋದವರ ಹೆಸರು ಇವನ್ನೆಲ್ಲ ಯಾವುದೋ ಕಂಪನಿಯ ಕೈಗೆ ಕೊಡಲು ಅವರಿಗೆ ಮನಸ್ಸಿರಲಿಲ್ಲ.

ತೊಂದರೆ ಏನೆಂದರೆ, ಅಂಥ ತಂತ್ರಾಂಶ ಒಂದಲ್ಲ, ಎರಡಿತ್ತು. ಉಜ್ವಲನದ್ದು ಹಕ್ಕಿಯ ಚಿತ್ರದ್ದು. ಬರ್ತಾಬಾಯಿಯದ್ದು ಗಡಿಯಾರದ ಚಿತ್ರದ್ದು. ಆರು ವರ್ಷದಿಂದ ಅಂಗಡಿಗೂ ಇಗರ್ಜಿಯ ಗಾಯನ ತಂಡಕ್ಕೂ ಅವಳು ಅದನ್ನೇ ಬಳಸುತ್ತಿದ್ದಳು. ಹಕ್ಕಿ ಹಗುರ, ನೋಡಲಿಕ್ಕೆ ಚಂದ ಎಂದು ಅವನು. ಚಂದ ನೋಡಿ ಎಂತ ಮಾಡುವುದು, ಗಡಿಯಾರದ್ದು ನಾವು 'ಸರಿ' ಒತ್ತುವವರೆಗೆ ಬಿಡದೆ ಗಂಟೆ ಬಾರಿಸ್ತದೆ ಎಂದು ಅವಳು. ಜೆರಾಕ್ಸಿಗೆ ಬಂದ ಇಬ್ಬರು ಗಿರಾಕಿಗಳೂ ಆಧಾರ್ ಕಾರ್ಡು ಹಿಡಿದುಕೊಂಡೇ ಒಂದೊಂದು ಪಕ್ಷ ಸೇರಿದರು. ನಡುವೆ ಕೂತ ಭಟ್ಟರು ಜಗಳಾಡುವ ಬೀಗರ ಮಧ್ಯೆ ಸಿಕ್ಕ ಮದುಮಗನ ಹಾಗೆ ಇಬ್ಬರ ಮಾತಿಗೂ ತಲೆ ಆಡಿಸಿದರು.

ಕೊನೆಗೆ ಎರಡನ್ನೂ ಹಾಕಿ ನೋಡುವುದು ಎಂದಾಯಿತು. ಬೆಳಿಗ್ಗೆ ಹತ್ತಕ್ಕೆ ಉಜ್ವಲ್ ನೂರನಲವತ್ತಮೂರು ಮನೆಯ ಪಟ್ಟಿಯನ್ನು ಹಕ್ಕಿಗೆ ತುಂಬಿಸಿ, 'ಪ್ರತಿ ವರ್ಷ ಇದೇ ತಾರೀಕು' ಎಂದು ಒತ್ತಿದ. ಸಂಬಂಧಪಟ್ಟವರಿಗೆ ತಿಳಿಸಲೇ ಎಂದು ಅದು ಕೇಳಿತು. ಉಜ್ವಲ್ ಭಟ್ಟರನ್ನು ಕೇಳಿದ. ತಿಳಿಸುವುದು ಒಳ್ಳೆಯದೇ ಅಲ್ವಾ ಎಂದರು ಭಟ್ಟರು. ಹತ್ತೂಕಾಲಿಗೆ ಬರ್ತಾಬಾಯಿ ಅದನ್ನೇ ಗಡಿಯಾರದ್ದರಲ್ಲಿ ಮಾಡಿದಳು.

ತಿಥಿ ಎಂಬುದು ತಾರೀಕಿಗೆ ಕಟ್ಟಿಹಾಕಿದ್ದಲ್ಲ, ಅದು ಚಂದ್ರನ ಲೆಕ್ಕ, ವರ್ಷ ವರ್ಷಕ್ಕೆ ಹಿಂದೆ ಮುಂದೆ ಸರಿಯುತ್ತದೆ ಎಂದು ಇಬ್ಬರಿಗೂ ಭಟ್ಟರು ಹೇಳಿರಲಿಲ್ಲ. ಅದನ್ನು ಹೇಳಬೇಕೆಂದೇ ಅವರಿಗೆ ಹೊಳೆದಿರಲಿಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ?

ಹತ್ತೂವರೆಗೆ ಮೊದಲ ಫೋನು ಬಂತು. ಕಾರ್ಕಳದ ನಿವೃತ್ತ ಹೆಡ್‌ಮಾಸ್ಟರು ಮಾಧವ ಉಪಾಧ್ಯರು. ಅವರ ದನಿ ಯಾವಾಗಲೂ ಪರೀಕ್ಷೆ ತೆಗೆದುಕೊಂಡ ಹಾಗೆಯೇ ಇರುತ್ತದೆ.

"ಭಟ್ರೇ, ನಾಳೆ ಎಂತ ತಿಥಿ?"

"ಏಕಾದಶಿ."

"ನಾಳೆ ಹನ್ನೊಂದು ಗಂಟೆಗೆ ನಮ್ಮ ಅಪ್ಪಯ್ಯನ ಶ್ರಾದ್ಧ ಅಂತ ನಿಮ್ಮ ಮೇಲ್ ಬಂದುಂಟು. ಒಂದಲ್ಲ, ಎರಡು. ಅಪ್ಪಯ್ಯ ಬದುಕಿದ್ದಾಗ ಏಕಾದಶಿಗೆ ತೊಟ್ಟು ನೀರು ಮುಟ್ಟಿದವರಲ್ಲ. ಈಗ ನೀವು ಅವರಿಗೆ ಊಟಕ್ಕೆ ಬಡಿಸುವವರಾ?"

ಭಟ್ಟರ ಕೈಯಲ್ಲಿದ್ದ ಚಹಾ ಅಲ್ಲೇ ತಣ್ಣಗಾಯಿತು. ಏಕಾದಶಿಯಂದು ಶ್ರಾದ್ಧ ಮಾಡುವ ಪದ್ಧತಿಯೇ ಈ ಮನೆಗಳಲ್ಲಿಲ್ಲ. ಆ ದಿನ ಒಲೆಯೇ ಹೊತ್ತುವುದಿಲ್ಲ. ಏಕಾದಶಿಗೆ ಶ್ರಾದ್ಧ ಇಟ್ಟ ಪುರೋಹಿತ ಎಂದರೆ ಉಡುಪಿಯ ರಥಬೀದಿಯಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ. ಅವರು ಉಪಾಧ್ಯರ ಕ್ಷಮೆ ಕೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಫೋನು, ಅದರ ಹಿಂದೆ ಮತ್ತೊಂದು. ಆ ಇ-ಮೇಲಿನ ಕೊನೆಯಲ್ಲಿ 'ಬರುತ್ತೇನೆ', 'ನೋಡುತ್ತೇನೆ', 'ಬರುವುದಿಲ್ಲ' ಎಂದು ಮೂರು ಗುಂಡಿಗಳಿದ್ದವು. ಮಸ್ಕತ್ತಿನಲ್ಲಿರುವ ಒಬ್ಬರು ತಮ್ಮ ಅಜ್ಜನ ಶ್ರಾದ್ಧಕ್ಕೆ 'ನೋಡುತ್ತೇನೆ' ಎಂದು ಒತ್ತಿದ್ದರು. ಇನ್ನೊಬ್ಬರು ತಮ್ಮದೇ ಮನೆಯ ಕಾರ್ಯಕ್ಕೆ 'ಬರುವುದಿಲ್ಲ' ಎಂದು ಒತ್ತಿ, ಕೆಳಗೆ 'ಶುಭವಾಗಲಿ' ಎಂದು ಬರೆದಿದ್ದರು.

ತಪ್ಪಾಯಿತು, ಸರಿಯಾದ ದಿನ ಆಮೇಲೆ ತಿಳಿಸುತ್ತೇನೆ ಎಂದು ಎಲ್ಲರಿಗೂ ಮೇಲ್ ಕಳಿಸಿದ್ದಾಯಿತು. ಆದರೆ ಹನ್ನೆರಡಕ್ಕೆ ಬಂದ ಫೋನಿಗೆ ಮಾತ್ರ ಭಟ್ಟರು ಎದ್ದೇ ನಿಂತರು. ಯಮುನಕ್ಕನ ಮಗನದ್ದು. ಅಪ್ಪನ ಶ್ರಾದ್ಧ ನಾಳೆ ಎಂದು ಓದಿ, ಉಚ್ಚಿಲದಲ್ಲಿರುವ ತನ್ನ ಅಂಗಡಿಗೆ ರಜೆಯ ಬೋರ್ಡು ಬರೆಸಿದ್ದಾನಂತೆ, ಬಾಳೆಎಲೆಗೆ ಹೇಳಿದ್ದಾನಂತೆ. ನಾಳೆ ಏಕಾದಶಿ ಅಲ್ವಾ ಎಂದು ಅಮ್ಮ ಹೇಳಿದರೂ, ಭಟ್ರು ಬರೆದದ್ದು ತಪ್ಪಲಿಕ್ಕಿಲ್ಲ ಎಂದು ತಾನೇ ಅವರ ಬಾಯಿ ಮುಚ್ಚಿಸಿದನಂತೆ.

ಒಮ್ಮೆ ಕಾಯಿಸಿದ ಮನೆಗೆ ಈಗ ಫೋನಿನಲ್ಲಿ ತಪ್ಪೊಪ್ಪುವುದು ಭಟ್ಟರಿಗೆ ಸರಿ ಕಾಣಲಿಲ್ಲ. ಬಸ್ಸಿಗೆ ಹೋಗಿ ಬಂದರೆ ಪಟ್ಟಿ ತಿದ್ದಿ ಆರರೊಳಗೆ ಮುಗಿಸುವುದು ಕಷ್ಟ. ಬರ್ತಾಬಾಯಿ ಅಂಗಡಿಯನ್ನು ಉಜ್ವಲನ ಕೈಗೆ ಕೊಟ್ಟು ಸ್ಕೂಟರ್ ತೆಗೆದಳು. ಕಚ್ಚೆ ಉಟ್ಟು, ಶಾಲು ಹೊದ್ದು, ತಲೆಗೆ ಕೆಂಪು ಹೆಲ್ಮೆಟ್ ಹಾಕಿಕೊಂಡು, ಪೂಜೆಯ ಚೀಲವನ್ನು ಅಪ್ಪಿ ಹಿಂದೆ ಕೂತ ಭಟ್ಟರನ್ನು ಕಟಪಾಡಿಯ ಸಿಗ್ನಲಿನಲ್ಲಿ ಶಿಷ್ಯವರ್ಗದ ಮೂವರು ಗುರುತು ಹಿಡಿದು ನಮಸ್ಕಾರ ಮಾಡಿದರು. ಭಟ್ಟರು ಹೆಲ್ಮೆಟ್ಟಿನೊಳಗಿಂದಲೇ ಆಶೀರ್ವಾದ ಮಾಡಿದರು.

ಯಮುನಕ್ಕ ಬೈಯಲಿಲ್ಲ. ಮೊಮ್ಮಕ್ಕಳನ್ನು ಆಚೆ ಕಳಿಸಿ, ಇಬ್ಬರಿಗೂ ಬೆಲ್ಲ ನೀರು ಕೊಟ್ಟು, ಭಟ್ಟರು ತೊದಲುತ್ತ ಹೇಳಿದ್ದನ್ನೆಲ್ಲ ಕೇಳಿದರು. ಶ್ರಾದ್ಧ ಇರುವುದು ಇನ್ನು ಹದಿನೆಂಟು ದಿನಕ್ಕೆ ಎಂದು ಅವರಿಗೆ ಗೊತ್ತೇ ಇತ್ತು. ಹೋದ ತಿಂಗಳ ಪೂಜೆಯ ಮಾತನ್ನೂ ಭಟ್ಟರು ಎತ್ತಿದಾಗ ಆಕೆ ನಕ್ಕುಬಿಟ್ಟರು.

"ಅದಕ್ಕೆ ನಿಮ್ಮನ್ನು ಎಂತ ಹೇಳುವುದು ಭಟ್ರೇ? ಹಿಂದಿನ ದಿನ ಶ್ರೀಮತಿಯ ಫೋನ್ ಬರಲಿಲ್ಲ. ಅವಳು ಊರಲ್ಲಿಲ್ಲ, ನೀವು ಬರುವುದು ಸಂಶಯ ಅಂತ ಆಗಲೇ ಎಣಿಸಿದೆ. ಎಲ್ಲ ಮನೆಯವರಿಗೂ ಅವಳು ಫೋನ್ ಮಾಡ್ತಾಳೆ. ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ತಾನು ಹೋದಲ್ಲೆಲ್ಲ ಎಳ್ಳು, ಎಲೆ, ಎಲ್ಲವೂ ಹೇಗೆ ತಯಾರಿರುತ್ತದೆ ಎಂದು ಇಪ್ಪತ್ತೇಳು ವರ್ಷ ಭಟ್ಟರು ಯೋಚಿಸಿಯೇ ಇರಲಿಲ್ಲ. ಮರಳುವ ದಾರಿಯಲ್ಲಿ ಉದ್ಯಾವರದ ಸೇತುವೆಯ ಮೇಲೆ ಹೊಳೆಯ ಗಾಳಿ ಬೀಸಿದಾಗ ಅವರ ಕಣ್ಣಲ್ಲಿ ನೀರು ಬಂತು. ಗಾಳಿಗೆ ಎಂದು ಬರ್ತಾಬಾಯಿಗೆ ಹೇಳಿದರು. ಹೆಲ್ಮೆಟ್ಟಿಗೆ ಗಾಜು ಇದ್ದದ್ದನ್ನು ಅವಳು ನೆನಪಿಸಲಿಲ್ಲ.

ಅಂಗಡಿಗೆ ಬಂದಾಗ ಉಜ್ವಲ್ ಪಂಚಾಂಗ ಬಿಡಿಸಿಕೊಂಡು ಕೂತಿದ್ದ. ಮೂವರೂ ಸೇರಿ ಒಂದೊಂದೇ ತಿಥಿಯನ್ನು ಈ ವರ್ಷದ ತಾರೀಕಿಗೆ ಕೂಡಿಸಿದರು. ಭಟ್ಟರು ಪಂಚಾಂಗ ನೋಡಿ ಹೇಳುವುದು, ಉಜ್ವಲ್ ತಿದ್ದುವುದು, ಬರ್ತಾಬಾಯಿ ತಾಳೆ ನೋಡುವುದು. ಬೆಳಿಗ್ಗೆ ಕಿತ್ತಾಡಿದ ಇಬ್ಬರೂ ಈಗ ಒಂದೇ ತಟ್ಟೆಯಿಂದ ಗೋಳಿಬಜೆ ತಿನ್ನುತ್ತಿದ್ದರು. ಐದೂವರೆಗೆ ಕೆಲಸ ಮುಗಿಯಿತು. ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳುವುದು ಎಂದು ಕೇಳಿದಾಗ ಭಟ್ಟರು ಗಡಿಯಾರದ್ದನ್ನು ಆರಿಸಿದರು. 'ಸರಿ' ಎನ್ನುವವರೆಗೆ ಬಿಡುವುದಿಲ್ಲವಲ್ಲ, ಅದು ನಮ್ಮ ಮನೆಯವಳ ಕ್ರಮವೇ ಎಂದರು. ಉಜ್ವಲ್ ನಗುತ್ತ ಹಕ್ಕಿಯದ್ದನ್ನು ತೆಗೆದುಹಾಕಿದ.

ನವೆಂಬರ್ ಮೂರರಿಂದ ಹದಿನಾಲ್ಕರವರೆಗೆ ಒತ್ತಿ ನೋಡಿದರು. ಮೂರೇ ಮನೆ, ಮೂರೂ ಉಡುಪಿಯ ಒಳಗೆ. ಶಾಲೆಗೆ ಹೋಗುವ ಮಗುವೂ ಸಂಭಾಳಿಸಬಹುದು. ಐದು ಐವತ್ತಕ್ಕೆ ಭಟ್ಟರು ಕಾರ್ಯದರ್ಶಿಗೆ ಫೋನ್ ಮಾಡಿ ಶ್ರೀಮತಿಯ ಹೆಸರು ಬರೆಸಿದರು.

ಮನೆಯಲ್ಲಿ ಶ್ರೀಮತಿ ಆಗಷ್ಟೇ ದೀಪ ಹಚ್ಚಿದ್ದಳು. ಭಟ್ಟರು ಲ್ಯಾಪ್‌ಟಾಪನ್ನು ಅವಳೆದುರು ಬಿಚ್ಚಿಟ್ಟು, ಹದಿನೈದು ದಿನದ ಗುಟ್ಟನ್ನೂ ಆ ದಿನದ ಫಜೀತಿಯನ್ನೂ ಒಂದೇ ಉಸಿರಿಗೆ ಹೇಳಿ, "ಇನ್ನು ಇದು ನೆನಪಿಸ್ತದೆ. ನೀನು ಗಂಗೆ ನೋಡಿ ಬಾ. ಹೆಸರು ಬರೆಸಿ ಆಯಿತು" ಎಂದರು.

ಶ್ರೀಮತಿ ಸೆರಗಿನಿಂದ ಕೈ ಒರೆಸಿಕೊಂಡಳು, ಮತ್ತೆ ಅದರಿಂದಲೇ ಕಣ್ಣು. ಆಮೇಲೆ ಪರದೆಯ ಹತ್ತಿರ ಬಗ್ಗಿ, ಬೆರಳಿಟ್ಟು ಒಂದೊಂದೇ ದಿನ ಓದುತ್ತ ಹೋದಳು. ಒಂಬತ್ತನೆಯ ತಾರೀಕಿನ ಮೇಲೆ ಬೆರಳು ನಿಂತಿತು.

"ಇದು ಖಾಲಿ ತೋರಿಸ್ತದಲ್ಲ?"

"ಆ ದಿನ ಯಾರ ಮನೆಯಲ್ಲಿಯೂ ಎಂತದೂ ಇಲ್ಲ."

"ನಮ್ಮ ಮನೆಯಲ್ಲಿ ಉಂಟು" ಎಂದಳು ಶ್ರೀಮತಿ ಮೆಲ್ಲಗೆ. "ಅತ್ತೆಯವರ ಶ್ರಾದ್ಧ. ಅದಕ್ಕೇ ಅಲ್ವಾ ಆ ದಿನಗಳಲ್ಲಿ ಆಗುವುದಿಲ್ಲ ಅಂತ ಹೇಳಿದ್ದು? ನಿಮಗೆ ನೆನಪುಂಟು ಅಂತಲೇ ಎಣಿಸಿದ್ದೆ."

ಭಟ್ಟರು ಕೆಂಪು ಡೈರಿಯನ್ನು ತೆಗೆದು ಮೊದಲಿನಿಂದ ಕೊನೆಯವರೆಗೆ ಮಗುಚಿದರು. ನೂರನಲವತ್ತಮೂರು ಮನೆಯ ಹಿರಿಯರೆಲ್ಲ ಇದ್ದರು. ಅವರ ಅಮ್ಮ ಇರಲಿಲ್ಲ, ಅಪ್ಪಯ್ಯನೂ ಇರಲಿಲ್ಲ. ಅಮ್ಮನ ತಿಥಿ ಅವರಿಗೆ ಮಂತ್ರದಷ್ಟೇ ಬಾಯಿಗೆ ಬರುತ್ತಿತ್ತು. ಆದರೆ ಅದು ಯಾವ ವರ್ಷ ಯಾವ ತಾರೀಕಿಗೆ ಬೀಳುತ್ತದೆ ಎಂದು ಒಮ್ಮೆಯೂ ನೋಡಿದವರಲ್ಲ. ಹಿಂದಿನ ಸಂಜೆ ಹೇಳಲು ಅವಳಿದ್ದಳು. ಮನೆಯ ಸೊಸೆ ಮಡಿಯುಟ್ಟು ಅಡುಗೆ ಮಾಡದೆ ಆ ಕಾರ್ಯ ನಡೆಯುವ ಹಾಗೂ ಇಲ್ಲ. ಭಟ್ಟರಿಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಆದವು.

"ಬರೆಯಿರಿ" ಎಂದು ಶ್ರೀಮತಿ ಪಕ್ಕದಲ್ಲಿ ಕೂತಳು. "ನೂರನಲವತ್ತನಾಲ್ಕು."

ಅವರು ಒಂದೊಂದೇ ಅಕ್ಷರ ಹುಡುಕಿ ಅಮ್ಮನ ಹೆಸರನ್ನೂ, ಮೇಲ್ ವಿಳಾಸದ ಜಾಗದಲ್ಲಿ ಶ್ರೀಮತಿಯದ್ದನ್ನೂ ಬರೆದರು. ಸಂಬಂಧಪಟ್ಟವರಿಗೆ ತಿಳಿಸಲೇ ಎಂದು ಅದು ಕೇಳಿತು. ಬೆಳಿಗ್ಗೆಯಿಂದ ಪಟ್ಟ ಪಾಡು ಮರೆತು, ಅಭ್ಯಾಸಬಲದಿಂದ ಭಟ್ಟರು ಹೌದು ಎಂದರು. ದೇವರ ಕೋಣೆಯ ಹೊಸ್ತಿಲ ಮೇಲಿದ್ದ ಶ್ರೀಮತಿಯ ಫೋನು ಸದ್ದು ಮಾಡಿತು. ಅವಳು ಕನ್ನಡಕ ಹಾಕಿಕೊಂಡು ಮೂರು ಗುಂಡಿಗಳನ್ನೂ ಓದಿದಳು. ಗಂಡನ ಮುಖವನ್ನೊಮ್ಮೆ ನೋಡಿ, ಬೆರಳನ್ನು ಬೇಕೆಂದೇ 'ನೋಡುತ್ತೇನೆ' ಎಂಬುದರ ಮೇಲೆ ಅರೆಗಳಿಗೆ ಹಿಡಿದಳು. ಆಮೇಲೆ, "ಗಂಗೆ ಬರುವ ವರ್ಷವೂ ಅಲ್ಲೇ ಇರ್ತಾಳೆ" ಎಂದು ಪಕ್ಕದ್ದನ್ನು ಒತ್ತಿ ಅಡುಗೆಮನೆಗೆ ನಡೆದಳು.

ಲ್ಯಾಪ್‌ಟಾಪು ಗಂಟೆ ಬಾರಿಸತೊಡಗಿತು. 'ಶ್ರೀಮತಿ: ಬರುತ್ತೇನೆ' ಎಂದು ಪರದೆಯ ಮೇಲೆ ಮೂಡಿತ್ತು. ಭಟ್ಟರು ಅದನ್ನು ನೋಡುತ್ತಲೇ ಕೂತರು, ಗಂಟೆ ಬಾರಿಸುತ್ತಲೇ ಇತ್ತು. ಕೊನೆಗೆ ಅಡುಗೆಮನೆಯಿಂದ ಶ್ರೀಮತಿಯೇ ಕೂಗಿ ಹೇಳಬೇಕಾಯಿತು, 'ಸರಿ' ಒತ್ತಲಿಕ್ಕೆ.