ಹದಿನೇಳನೆಯ ಪ್ರಶ್ನೆ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ದಾಂಡೇಲಿಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮತದಾರರ ಬಗ್ಗೆ ಹತ್ತು ವರ್ಷ ಸಂಶೋಧನೆ ಮಾಡಿಯೂ, ಒಬ್ಬನೇ ಒಬ್ಬ ಮತದಾರ ಯಾರಿಗೆ ಮತ ಹಾಕಿದ ಎಂದು ತಿಳಿದುಕೊಳ್ಳದ ಸಂಶೋಧಕರು ಈ ಭೂಮಿಯ ಮೇಲೆ ಅವರೊಬ್ಬರೇ! ತಿಳಿಯಲಿಲ್ಲ ಅಂತಲ್ಲ, ತಿಳಿಯಲು ಒಪ್ಪಲಿಲ್ಲ. ಅವರ ಚೀಲ ಹೊತ್ತು ಹೊತ್ತು ಒಂದು ಕಡೆ ಇಳಿದ ನನ್ನ ಹೆಗಲು ಇವತ್ತಿಗೂ ಮೇಲೆದ್ದಿಲ್ಲ.

ಮುಂಡಗೋಡದ ಹತ್ತಿರದ ಇಂದೂರೆಂಬ ಹಳ್ಳಿಯಲ್ಲಿ ಹುಟ್ಟಿ, ಮುಂಡಗೋಡದಲ್ಲೇ ಶಾಲೆ ಕಲಿತು, ಧಾರವಾಡದಲ್ಲಿ ಎಂ.ಎ. ಮುಗಿಸಿದವರು. ಹಳಿಯಾಳದ ಹೈಸ್ಕೂಲಿನಲ್ಲಿ ಕೆಲವು ವರ್ಷ ಇತಿಹಾಸ, ಭೂಗೋಳ, ಡ್ರಿಲ್ ಮಾಸ್ತರರು ಬಾರದ ದಿನ ಕವಾಯತನ್ನೂ ಕಲಿಸಿ ಕೊನೆಗೆ ದಾಂಡೇಲಿ ಸೇರಿದ್ದರು. ಪಿಎಚ್.ಡಿ. ಒಂದಾದರೆ ವಿಭಾಗದ ಮುಖ್ಯಸ್ಥರಾಗುತ್ತಾರೆ, ಕಾಗದದ ಕಾರ್ಖಾನೆಯ ವಾಸನೆ ಬಾರದ ಕಡೆ ಮನೆ ಮಾಡಬಹುದು ಎಂದು ಅಕ್ಕ ಕಾಯುತ್ತಿದ್ದಳು. ಬಿ.ಎ. ಓದಲೆಂದು ನಾನು ಅವರ ಮನೆಯಲ್ಲಿದ್ದೆ. ಓದಿದ್ದು ಅಷ್ಟಕ್ಕಷ್ಟೇ.

ಓದಲು ಪುರಸೊತ್ತಾದರೂ ಎಲ್ಲಿತ್ತು? ಆ ಮನೆಯಲ್ಲಿ ಎಲ್ಲಕ್ಕೂ ಗುಪ್ತ ಮತದಾನ. ವನಸ್ಪತಿಯ ಖಾಲಿ ಡಬ್ಬಿಯ ಮುಚ್ಚಳಕ್ಕೆ ಸೀಳು ಕೊರೆದು ಭಾವ ಮತಪೆಟ್ಟಿಗೆ ಮಾಡಿದ್ದರು. ಚೀಟಿ ಬರೆದರೆ ಅಕ್ಷರದ ಗುರುತು ಸಿಗುತ್ತದಲ್ಲ, ಅದಕ್ಕೇ ಕಾಳು. ಊಟಕ್ಕೆ ಅನ್ನ ಬೇಕಾದವರು ಒಂದು ಅಕ್ಕಿ ಕಾಳು, ರೊಟ್ಟಿ ಬೇಕಾದವರು ಒಂದು ಜೋಳದ ಕಾಳು ಹಾಕಬೇಕು. ಭಾವ ಮತಗಟ್ಟೆಯ ಅಧಿಕಾರಿ, ಅವರಿಗೆ ಮತವಿಲ್ಲ. ಮತದಾರರು ನಾನು ಮತ್ತು ಅಕ್ಕ. ಅಕ್ಕ ಪ್ರತಿ ಸಲವೂ ಒಂದು ಮುಷ್ಟಿ ಸುರಿಯುತ್ತಿದ್ದಳು. ಒಬ್ಬರಿಗೆ ಒಂದೇ ಮತ ಎಂದು ಭಾವ ಚುನಾವಣೆಯನ್ನು ಅಸಿಂಧು ಮಾಡುತ್ತಿದ್ದರು. ಅಕ್ಕ ತನಗೆ ತಿಳಿದದ್ದನ್ನು ಬೇಯಿಸುತ್ತಿದ್ದಳು.

ಭಾನುವಾರ ಬಂತೆಂದರೆ ಬಸ್ಸು. ಇವತ್ತು ಕುಳಗಿಯ ಕಡೆ, ಬರುವ ವಾರ ಮುಂಡಗೋಡದ ಹಳ್ಳಿಗಳು. ಜನ ಹೇಗೆ ಮತ ಹಾಕುತ್ತಾರೆ ಎಂಬುದು ಭಾವನ ವಿಷಯ. ಪ್ರಶ್ನೆಗಳನ್ನು ಅವರು ಕೇಳುವುದು, ಉತ್ತರಗಳನ್ನು ನಾನು ಬರೆಯುವುದು. ಹದಿನಾರರವರೆಗೆ ಎಲ್ಲ ಸುರಳೀತ. ಹದಿನೇಳನೆಯದು ಧಾರವಾಡದ ಮಾರ್ಗದರ್ಶಕರು ಸೇರಿಸಿದ್ದು: ಕಳೆದ ಸಲ ಯಾರಿಗೆ ಮತ ಹಾಕಿದಿರಿ?

ಭಾವ ಪ್ರಶ್ನೆ ಓದುವುದು, ಎರಡೂ ಕಿವಿ ಮುಚ್ಚಿಕೊಳ್ಳುವುದು! ನನ್ನ ಪೆನ್ನನ್ನೂ ಕಸಿದುಕೊಳ್ಳುವುದು! ಹಳಿಯಾಳದ ಆಚೆಯ ಒಂದು ಕೇರಿಯಲ್ಲಿ ಸಿದ್ದಿ ಅಜ್ಜಿಯೊಬ್ಬಳು ಹೇಳಲು ಬಾಯಿ ತೆರೆದವಳು ನಮ್ಮನ್ನೇ ದಿಟ್ಟಿಸಿದಳು.

"ಕೇಳಾಕ ನೀವ ಬಂದೀರಿ, ಕಿವಿನೂ ನೀವ ಮುಚ್ಚಿಕೊಂತೀರಿ. ಇಬ್ಬರದೂ ಊಟ ಆಗೇತಿಲ್ರೀ?"

ಆಗಿರಲಿಲ್ಲ. ಅವಳೇ ಗಂಜಿ ಕೊಟ್ಟಳು. ಹದಿನೇಳನೆಯ ಅಂಕಣ ಖಾಲಿಯೇ ಉಳಿಯಿತು.

ಹೀಗೆ ಹತ್ತು ವರ್ಷ. ನನ್ನ ಬಿ.ಎ. ಮುಗಿಯಿತು, ಹತ್ತಿರದಲ್ಲೇ ನೌಕರಿ ಸಿಕ್ಕಿತು, ಚೀಲ ಮಾತ್ರ ಹೆಗಲು ಬಿಡಲಿಲ್ಲ. ಕೊನೆಗೊಂದು ದಿನ ಮಾರ್ಗದರ್ಶಕರ ಪತ್ರ ಬಂತು: ತಿಂಗಳೊಳಗೆ ಹದಿನೇಳನ್ನು ತುಂಬದಿದ್ದರೆ ನೋಂದಣಿ ರದ್ದು. ಅಕ್ಕ ಅತ್ತಳು. ನನಗೂ ಸಾಕುಸಾಕಾಗಿತ್ತು. ಭಾವ ಚುನಾವಣೆಯ ಕೆಲಸಕ್ಕೆಂದು ಕ್ಯಾಸಲ್‌ರಾಕ್‌ಗೆ ಹೋದಾಗ ನಾನು ಪೆನ್ಸಿಲ್ ಹಿಡಿದು ಕೂತೆ. ಮನಸ್ಸಿಗೆ ಬಂದಂತೆ, ಈ ಊರಿಗೆ ಈ ಪಕ್ಷ, ಆ ಊರಿಗೆ ಆ ಪಕ್ಷ ಎಂದು ಹಂಚಿದೆ. ಎರಡೇ ದಿನಗಳಲ್ಲಿ ಸಂಶೋಧನೆ ಸಂಪೂರ್ಣ!

ಮರಳಿ ಬಂದ ಭಾವ ಹಾಳೆಗಳನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಬ್ಬರು ತೆಗೆದುಕೊಂಡು ಒಂದೊಂದೇ ಹಾಳೆ ಅಳಿಸುತ್ತ ಕೂತರು. ಮಾರನೆಯ ದಿನ ತಡೆಯಲಾಗದೆ, ಅಷ್ಟಕ್ಕೂ ಇದರಲ್ಲೇನಿದೆ ಎಂದು ನಾನು ಕೇಳಿಯೇಬಿಟ್ಟೆ.

"ನಮ್ಮಪ್ಪ ಇಂದೂರಾಗ ಮಂದಿ ಮುಂದ ಖರೇ ಹೇಳಿಬಿಟ್ಟಿದ್ದ, ಯಾರಿಗೆ ಹಾಕೀನಂತ," ಎಂದರು ಅಳಿಸುತ್ತಲೇ. "ಮುಂದಿನ ವರ್ಷ ಗೇಣಿ ಗದ್ದಿ ಬಿಡಿಸಿದ್ರು. ಅಂವಾ ಮತ್ತ ಎಂದೂ ಮತಾ ಹಾಕಾಕ ಹೋಗ್ಲಿಲ್ಲ."

ನೋಂದಣಿ ರದ್ದಾಯಿತು. ಭಾವನ ಕೈಯಲ್ಲೇ ಕಲಿತ ಹುಡುಗ ಡಾಕ್ಟರನಾಗಿ ಬಂದು ವಿಭಾಗದ ಮುಖ್ಯಸ್ಥನಾದ. ಆ ದಿನ ಭಾವ ಡಬ್ಬಿ ತಂದಿಟ್ಟರು.

"ನಾ ಮಾಡಿದ್ದು ಬರೋಬರಿ ಇದ್ರ ಅಕ್ಕಿ ಹಾಕ್ರಿ. ಹುಚ್ಚತನಾ ಇದ್ರ ಜ್ವಾಳಾ."

ನಾನು ಜೋಳ ಹಾಕಿದೆ. ಹತ್ತು ವರ್ಷದ ಭಾನುವಾರಗಳ ಸಿಟ್ಟು ಅದು. ಅಕ್ಕ ಎಂದಿನಂತೆ ಒಂದು ಮುಷ್ಟಿ ಸುರಿದು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಅದೂ ಜೋಳವೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಭಾವ ಡಬ್ಬಿ ಅಲ್ಲಾಡಿಸಿ ಸದ್ದು ಕೇಳಿದರು, ಅಸಿಂಧು ಎಂದರು, ಮುಚ್ಚಳ ತೆರೆಯದೆ ಅಟ್ಟದ ಮೇಲಿಟ್ಟರು. ಅವರಿಗೆ ತೆರೆಯಲು ಹೆದರಿಕೆಯಾಗಿತ್ತು ಎಂದು ಆಗ ನನಗೆ ಹೊಳೆಯಲಿಲ್ಲ.

ಅವರು ನಿವೃತ್ತರಾಗಿ ಮನೆ ಖಾಲಿ ಮಾಡುವಾಗ ಡಬ್ಬಿ ನನ್ನ ಕೈಗೆ ಸಿಕ್ಕಿತು. ತೆರೆದೆ. ನುಸಿ ಹಿಡಿದಿತ್ತು, ಆದರೂ ಗುರುತು ಸಿಗುತ್ತಿತ್ತು. ಒಂದು ಮುಷ್ಟಿ ಅಕ್ಕಿ. ನಡುವೆ ಒಂದೇ ಒಂದು ಜೋಳದ ಕಾಳು. ನನಗೆ ನಾಚಿಕೆಯಾಯಿತು, ಕಣ್ಣು ತುಂಬಿ ಬಂತು. ಆ ಕಾಳನ್ನು ಆರಿಸಿ ಕಿಟಕಿಯಿಂದ ಆಚೆ ಎಸೆದು ತಿರುಗಿದರೆ ಭಾವ ಬಾಗಿಲಲ್ಲಿ ನಿಂತಿದ್ದರು.

ನಾನು ಏನೋ ಹೇಳಲು ಹೋದೆ. ಅವರು ಎರಡೂ ಕಿವಿ ಮುಚ್ಚಿಕೊಂಡು ಮುಖ ಆ ಕಡೆ ತಿರುಗಿಸಿದರು.

"ನಾ ಏನೂ ನೋಡಿಲ್ಲಪಾ. ಅದು ನಿನ್ನ ಗುಟ್ಟು."