ಅತ್ತಿಗೆ ಕೊಂಡ ಬಂದೂಕು

ನಮ್ಮ ಅತ್ತಿಗೆ ಇರುವೆ ಸಾಲು ಕಂಡರೆ ಸುತ್ತು ಹಾಕಿಕೊಂಡು ನಡೆಯುವವರು. ಕೇಕಿನಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಎಂದು ಬೇಕರಿಯವಳನ್ನು ವಕೀಲರ ಹಾಗೆ ಪಾಟೀಸವಾಲು ಮಾಡಿ, ಕೊನೆಗೆ ಬರೀ ಮೇಣದಬತ್ತಿ ಕೊಂಡು ಬರುವವರು. ಅಂಥವರ ಮನೆಯ ಬೇಸ್‌ಮೆಂಟಿನ ಉಕ್ಕಿನ ಪೆಟ್ಟಿಗೆಯಲ್ಲಿ ಒಂದು ರೈಫಲ್ ಇದೆ ಎಂದರೆ ನೀವು ನಂಬುತ್ತೀರಾ? ಬೇಡ, ನಂಬಬೇಡಿ. ಅವರ ಸ್ವಂತ ತಮ್ಮ, ಅಂದರೆ ನನ್ನ ಗಂಡ, ಇವತ್ತಿಗೂ ಪೂರ್ತಿ ನಂಬಿಲ್ಲ!

ಅತ್ತಿಗೆ ಧಾರವಾಡದವರು, ಆಪರೇಷನ್ನಿಗೆ ಮೊದಲು ಅರಿವಳಿಕೆ ಕೊಡುವ ಡಾಕ್ಟರು. ಮಿಷಿಗನ್ನಿನ ಪ್ಲಿಮತ್‌ನಿಂದಾಚೆ, ಬಡಾವಣೆಗಳೆಲ್ಲ ಮುಗಿದು ಹೊಲ ಶುರುವಾಗುವ ಕಡೆ ಒಬ್ಬರೇ ಮನೆ ಮಾಡಿಕೊಂಡಿದ್ದಾರೆ. ನಾವಿರುವುದು ಶಿಕಾಗೋ ಪಕ್ಕದ ವುಡ್‌ರಿಡ್ಜ್‌ನಲ್ಲಿ. ಲಾಂಗ್ ವೀಕೆಂಡ್ ಬಂತೆಂದರೆ ನಮ್ಮ ಕಾರು ತಾನಾಗಿಯೇ ಮಿಷಿಗನ್ ಕಡೆ ಮುಖ ಮಾಡುತ್ತದೆ. ಅತ್ತಿಗೆಯ ಕೈಯ ರೊಟ್ಟಿ, ಎಣಗಾಯಿಯ ಮಹಿಮೆ ಅಂಥದ್ದು.

ಅವರ ಪಕ್ಕದ ಜಮೀನಿನಲ್ಲಿ ಒಬ್ಬ ಅಮೆರಿಕನ್ ಅಜ್ಜಿ ಕುದುರೆ ಸಾಕಿಕೊಂಡಿದ್ದಾರೆ. ಗಂಡ ತೀರಿಕೊಂಡ ಮೇಲೆ ಕುದುರೆಗಳೇ ಅವರ ಸಂಸಾರ. ಆ ಹುಲ್ಲುಗಾವಲಿಗೆ ಗ್ರೌಂಡ್‌ಹಾಗ್ ವಕ್ಕರಿಸಿದವು. ನಮ್ಮ ಹೆಗ್ಗಣಕ್ಕೊಬ್ಬ ದೊಡ್ಡಪ್ಪನಿದ್ದು, ಅವನು ಬೆಣ್ಣೆ ತಿಂದು ಬೆಳೆದಿದ್ದರೆ ಹೇಗಿರುತ್ತಿದ್ದನೋ ಹಾಗಿರುವ ಪ್ರಾಣಿ! ಅವು ತೋಡಿದ ಬಿಲಕ್ಕೆ ಕಾಲು ಸಿಕ್ಕಿ ಒಂದು ಕುದುರೆಯ ಕಾಲೇ ಮುರಿಯಿತು. ಅದನ್ನು ಉಳಿಸಿಕೊಳ್ಳಲಾಗಲಿಲ್ಲ. ಇನ್ನುಳಿದದ್ದು ಎರಡು. ಅಜ್ಜಿಗೆ ಕೈ ನಡುಕ, ಬಂದೂಕು ಹಿಡಿಯಲಾರರು. "ನಿನ್ನ ಕೈ ನಡುಗುವುದಿಲ್ಲವಲ್ಲ" ಎಂದು ಅತ್ತಿಗೆಯನ್ನು ಕೇಳಿದರಂತೆ.

ಅತ್ತಿಗೆ ಮೊದಲು ಅಹಿಂಸೆಯನ್ನೇ ಹಿಡಿದರು. ಸೌತೆಕಾಯಿಗೆ ಶೇಂಗಾ ಚಟ್ನಿ ಸವರಿ ಬೋನಿಟ್ಟರು. ಬಿದ್ದದ್ದು ಸ್ಕಂಕ್, ಬೆದರಿದರೆ ಗಬ್ಬು ನಾರುವ ರಸ ಚಿಮ್ಮಿಸುವ ಪ್ರಾಣಿ. ಅದನ್ನು ಬಿಡಿಸಲು ಹೋದ ಅತ್ತಿಗೆಗೆ ಅದು ತನ್ನ ಸುಗಂಧದ ಅಭಿಷೇಕ ಮಾಡಿ ಹೋಯಿತು. ಟೊಮೆಟೊ ರಸ ಹಚ್ಚಿಕೊಂಡು ಸ್ನಾನ ಮಾಡಿದರೆ ಹೋಗುತ್ತದೆ ಎಂದು ಯಾರೋ ಹೇಳಿದರು. ವಾಸನೆ ಹೋಗಲಿಲ್ಲ, ಅದರ ಮೇಲೆ ತಿಳಿಸಾರಿನ ಘಮವೂ ಸೇರಿಕೊಂಡಿತು, ಅಷ್ಟೆ.

"ಅತ್ತಿಗೆ, ನಿಮ್ಮ ಅರಿವಳಿಕೆ ಕೊಟ್ಟು ಹಿಡೀಬಹುದಲ್ವಾ?" ಎಂದೆ.

"ತೂಕ ಎಷ್ಟು, ಮುಂಜಾನೆ ಏನರ ತಿಂದೀಯೇನು ಅಂತ ಕೇಳಿದ್ರ ಅದು ಹೇಳೂದಿಲ್ಲವ್ವಾ" ಎಂದರು ಅತ್ತಿಗೆ.

ಕೊನೆಗೆ ತರಬೇತಿಗೆ ಸೇರಿದರು, ಲೈಸೆನ್ಸ್ ಮಾಡಿಸಿದರು. ಈಗ ಯಾವ ರೈಫಲ್, ಎಷ್ಟು ದಪ್ಪದ ಗುಂಡು ಎಂಬ ಪ್ರಶ್ನೆ ಎದ್ದಿತು. ಹತ್ತಿರದ ನೋವೈ ಊರಿನಲ್ಲಿ ಮನೆಗೊಂದು ಅಡುಗೆ ತಂದು ಉಣ್ಣುವ ಕನ್ನಡಿಗರ ಪಾಟ್‌ಲಕ್ಕಿನಲ್ಲಿ ಈ ಮಾತು ಬಂದದ್ದೇ ತಡ, ಬಿಸಿಬೇಳೆಬಾತ್ ಹಿಡಿದು ನಿಂತಿದ್ದ ಇಂಜಿನಿಯರುಗಳೆಲ್ಲ ಸೇನಾಪತಿಗಳಾದರು! ದಸರಾ ಎಕ್ಸಿಬಿಷನ್ನಿನಲ್ಲಿ ಬಲೂನಿಗೂ ಗುರಿ ಹಿಡಿಯದ ಮಹನೀಯರು ಇವರು. ನನ್ನ ಗಂಡನಂತೂ ವಾರವಿಡೀ ಯೂಟ್ಯೂಬ್ ನೋಡಿ ತಯಾರಾಗಿ ಬಂದಿದ್ದರು.

"ಟೂ ಟ್ವೆಂಟಿ ತ್ರೀ ತಗೋ ಅಕ್ಕಾ. ಮುನ್ನೂರು ಯಾರ್ಡ್ ಹೋಗ್ತೈತಿ."

"ನಾ ಹೊಡಿಯೂದು ನೂರು ಯಾರ್ಡ್. ಉಳಿದದ್ದನ್ನ ಅದು ಯಾರ ಮನೀಗೆ ಹೋಗಿ ಮುಟ್ಟಸ್ತೈತಿ?"

"ಹಂಗಾದ್ರ ಪಾಯಿಂಟ್ ಟೂ ಟೂ?"

"ಅದರ ಗುಂಡು ನೆಲಕ್ಕ ಬಡದು ಪುಟೀತೈತಿ. ಹಿಂದ ಕುದುರಿ ಲಾಯ ಐತಿ."

ಅತ್ತಿಗೆ ಆರಿಸಿದ್ದು ಪಾಯಿಂಟ್ ಸೆವೆಂಟೀನ್. ಪುಟ್ಟ ಗುಂಡು, ನೇರ ಓಟ. ನೆಲಕ್ಕೆ ತಾಗಿದರೆ ಸಾಮಾನ್ಯವಾಗಿ ಅಲ್ಲೇ ಪುಡಿಯಾಗುತ್ತದೆ. ಸದ್ದೂ ಕಡಿಮೆ, ಕುದುರೆ ಅಷ್ಟಾಗಿ ಬೆದರುವುದಿಲ್ಲ. ಇಷ್ಟು ಚಿಕ್ಕದೇ ಎಂದು ಸೇನಾಪತಿಗಳು ಮುಖ ಸಣ್ಣ ಮಾಡಿಕೊಂಡರು. ಅತ್ತಿಗೆ ಹಪ್ಪಳ ಮುರಿಯುತ್ತ, "ಪೇಷಂಟ್ ನೋಡಿ ಡೋಸ್ ಕೊಡಬೇಕು. ಡೋಸ್ ಇಟ್ಕೊಂಡು ಪೇಷಂಟ್ ಹುಡುಕಬಾರದು" ಎಂದರು. ಹೆಮ್ಮೆಯಿಂದ ನನ್ನ ಎದೆ ಉಬ್ಬಿಹೋಯಿತು. ಈ ಮಾತನ್ನು ನಾನು ಆಮೇಲೆ ಮಿಕ್ಸಿ ಕೊಳ್ಳುವಾಗಲೂ ಬಳಸಿದ್ದೇನೆ.

ಅಂಗಡಿಗೆ ನಾವು ಮೂವರೂ ಹೋದೆವು. ಹೆಂಗಸರು ಎಂದ ಕೂಡಲೇ ಅಂಗಡಿಯವನು ಗುಲಾಬಿ ಬಣ್ಣದ್ದೊಂದನ್ನು ತಂದ. ಅತ್ತಿಗೆ ಅದನ್ನು ಅರಿಶಿನ ಕುಂಕುಮಕ್ಕೆ ಬಂದ ಬ್ಲೌಸ್ ಪೀಸಿನಂತೆ ಮರ್ಯಾದೆಯಿಂದ ಪಕ್ಕಕ್ಕಿಟ್ಟು, ಇನ್ನೊಂದನ್ನು ಎತ್ತಿ ಎಡ ಹೆಗಲಿಗೆ ಒರಗಿಸಿಕೊಂಡರು. ಬೋಲ್ಟು, ಅಂದರೆ ಗುಂಡು ತುಂಬಲು ಎಳೆಯುವ ಹಿಡಿ, ಬಲಕ್ಕಿತ್ತು. "ಎಡಗೈಯವರದ್ದು ಬೇಕು" ಎಂದರು. ನನ್ನ ಗಂಡ ಬೆಪ್ಪಾದರು.

"ಅಕ್ಕಾ, ನೀ ಬರಿಯೂದು, ಉಣ್ಣೂದು ಎಲ್ಲಾ ಬಲಗೈಲೆ."

"ಅದು ಅವ್ವ ಕಲಿಸಿದ್ದು. ಇದು ನಂದು."

ಅತ್ತಿಗೆ ಹುಟ್ಟು ಎಡಚಿ. ಚಿಕ್ಕಂದಿನಲ್ಲಿ ಆ ಕೈ ತಟ್ಟೆಯ ಹತ್ತಿರ ಸುಳಿದರೆ ಏಟು, ಬಳಪ ಹಿಡಿದರೆ ಏಟು. ಹೊಡೆಯುತ್ತಿದ್ದವರು ನಮ್ಮ ಅತ್ತೆ. ಎಡಗೈಯವಳನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ ಎಂಬ ಭಯ ಆ ತಾಯಿಗೆ. ಕಾಲೇಜಿನ ಎನ್‌ಸಿಸಿಯಲ್ಲೂ ಬಲ ಹೆಗಲಿನಿಂದಲೇ ಹೊಡೆಸಿದರಂತೆ. ಗುಂಡುಗಳೆಲ್ಲ ಪಕ್ಕದವಳ ಗುರಿಹಲಗೆಗೆ ಹೋಗಿ ಬಿದ್ದವು. "ನಾ ಹೊಡದೆ, ಬಾಜೂದಾಕಿಗೆ ಮೆಡಲ್ ಬಂತು" ಎಂದು ಅತ್ತಿಗೆ ನಕ್ಕರು. ನನಗೆ ನಗು ಬರಲಿಲ್ಲ.

ಎಡಗೈ ರೈಫಲ್ ಬಂತು. ಆ ಬೇಸಿಗೆ ಅತ್ತಿಗೆ ಎಡ ಹೆಗಲಿಗೆ ಅದನ್ನಿಟ್ಟು ಹುಲ್ಲಿನಲ್ಲಿ ಮಲಗಿದರೆಂದರೆ ಗುರಿ ತಪ್ಪಿದ್ದನ್ನು ನಾನು ನೋಡಲಿಲ್ಲ. ಹೊಡೆದಾದ ಮೇಲೆ ಕೈ ಮುಗಿದು "ತಪ್ಪಾತಪ್ಪಾ" ಎಂದು ಗ್ರೌಂಡ್‌ಹಾಗಿನ ಕ್ಷಮೆ ಕೇಳುತ್ತಿದ್ದರು, ಅದು ಬೇರೆ ಮಾತು. ಬಿಲಗಳನ್ನು ಮುಚ್ಚಿಸಿದರು. ಎರಡೂ ಕುದುರೆಗಳು ಮತ್ತೆ ಆ ಹುಲ್ಲಿನಲ್ಲಿ ಓಡಿದವು.

ಸೆಪ್ಟೆಂಬರಿನಲ್ಲಿ ಅತ್ತೆ ಧಾರವಾಡದಿಂದ ಅತ್ತಿಗೆಯ ಮನೆಗೆ ಬಂದಿಳಿದರು. ಸರ್ಜನ್ನುಗಳನ್ನೇ ಗದರಿಸುವ ನಮ್ಮ ಅತ್ತಿಗೆ ಬಾಲ ಮುದುರಿಕೊಂಡರು! "ಬಂದೂಕಿನ ವಿಷಯ ಅವ್ವಗ ಹೇಳಬ್ಯಾಡ್ರಿ" ಎಂದು ನಮ್ಮಿಂದ ಆಣೆ ಮಾಡಿಸಿಕೊಂಡರು. ಆ ಬೇಸಿಗೆ ಎಡಗೈಗೆ ಬಂದಿದ್ದ ಕಾಫಿ ಲೋಟವೂ ಮತ್ತೆ ಬಲಗೈಗೆ ಹೋಯಿತು. ಆ ಎಡಗೈ ಮತ್ತೆ ಸೆರಗಿನ ಹಿಂದೆ ಅವಿತುಕೊಂಡದ್ದನ್ನು ಕಂಡು ನನಗೆ ಸಂಕಟವಾಯಿತು.

ಆದರೆ ಪಕ್ಕದ ಅಜ್ಜಿ ಯಾವ ಆಣೆಯನ್ನೂ ಮಾಡಿರಲಿಲ್ಲ. ನಾವಲ್ಲಿದ್ದ ಒಂದು ಸಂಜೆ ಸೇಬಿನ ಪೈ ಹಿಡಿದು ಬಂದರು. ಅವರಿಗೆ ಕನ್ನಡ ಬಾರದು, ಅತ್ತೆಗೆ ಇಂಗ್ಲಿಷ್ ಬಾರದು. ಅಜ್ಜಿ ಅಡುಗೆಮನೆಯ ನಡುವೆ ನಿಂತು ಅಭಿನಯ ಶುರು ಮಾಡಿದರು. ಕುದುರೆ ಓಡಿತು, ಎಡವಿತು, ಬಿತ್ತು. ಆಮೇಲೆ ಇಲ್ಲದ ಬಂದೂಕನ್ನು ಎಡ ಹೆಗಲಿಗೇರಿಸಿ "ಢಂ" ಎಂದರು. ಕೊನೆಗೆ ಅತ್ತಿಗೆಯ ಎಡಗೈಯನ್ನು ಹಿಡಿದೆಳೆದು ಅದಕ್ಕೆ ಮುತ್ತಿಟ್ಟು ಕಣ್ಣೊರೆಸಿಕೊಂಡರು. ಅತ್ತೆ ಎಲ್ಲವನ್ನೂ ನೋಡಿದರು.

ಅದಾಗಿ ಆಯುಧಪೂಜೆ ಬಂತು, ನಾವೂ ಹಬ್ಬಕ್ಕೆ ಅಲ್ಲಿಗೇ ಹೋದೆವು. ಇಷ್ಟು ವರ್ಷ ನಾವು ಲ್ಯಾಪ್‌ಟಾಪು, ಗ್ರೈಂಡರು, ಕಾರುಗಳಿಗೇ ಹೂವಿಟ್ಟವರು. ಈ ಸಲ ಅತ್ತೆ ಮಗಳತ್ತ ತಿರುಗಿ, "ಖರೇ ಆಯುಧ ಮನ್ಯಾಗ ಇಟಗೊಂಡು ಮಿಕ್ಸರಿಗೆ ಪೂಜಿ ಮಾಡ್ತೀರೇನು? ತಾ ಅದನ್ನ" ಎಂದರು. ಗುಂಡಿಲ್ಲದ ರೈಫಲ್ ಬಂತು. ಅತ್ತೆ ಕುಂಕುಮವನ್ನು ಅದರ ಮೇಲೆ ಕೂರಿಸಿದ್ದ ಗುರಿಯ ದುರ್ಬೀನಿನ ಗಾಜಿಗೇ ಇಡಲು ಹೋದಾಗ ಅತ್ತಿಗೆ ಅಡ್ಡ ಕೈಯಿಟ್ಟು ಕಾಪಾಡಿದರು. ಅಡ್ಡ ಬಂದದ್ದು ಎಡಗೈ. ತಕ್ಷಣ ಹಿಂದಕ್ಕೆ ಎಳೆದುಕೊಂಡರು.

ಮರುದಿನ ವಿಜಯದಶಮಿ. ಧಾರವಾಡದ ಕಡೆ ಅಂದು ಬನ್ನಿ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ. ಅತ್ತೆ ಒಣಗಿದ ಬನ್ನಿಯನ್ನು ಊರಿಂದ ಪುಡಿಕೆ ಕಟ್ಟಿ ತಂದಿದ್ದರು. ನಮಗೆಲ್ಲ ಕೊಟ್ಟು ಮಗಳ ಮುಂದೆ ನಿಂತರು. ಅತ್ತಿಗೆ ಬಲಗೈ ಚಾಚಿದರು.

"ಅದಲ್ಲ. ಆ ಕೈ" ಎಂದರು ಅತ್ತೆ.

ಎಡಗೈಯಲ್ಲಿ ಬನ್ನಿ! ನಾನು ಹುಟ್ಟಿದಾರಭ್ಯ ಕಂಡದ್ದಿಲ್ಲ. ಅತ್ತಿಗೆಯ ಕೈ ಮೇಲೇಳಲಿಲ್ಲ. ಅತ್ತೆಯೇ ಅದನ್ನು ಹಿಡಿದೆತ್ತಿ, ಅಂಗೈ ಬಿಡಿಸಿ, ಎಲೆಯಿಟ್ಟರು.

"ಈ ಕೈಗೆ ಭಾಳ ಹೊಡದೀನಿ" ಎಂದರು. "ಬಂಗಾರ ತಗೊ, ನನ್ನವ್ವಾ."

ಗುರಿ ಹಿಡಿದಾಗ ಒಮ್ಮೆಯೂ ಅಲುಗದ ಆ ಕೈ ತಾಯಿಯ ಕೈಯೊಳಗೆ ಗಡಗಡ ನಡುಗುತ್ತಿತ್ತು.